ಹರಕತ್ತಿಲ್ಲ

ಗೈಡ್ ಸರ್ ಮನೆಯ ಗೋಧಿ ಡಬ್ಬಿಯನ್ನು ಹೆಗಲ ಮೇಲಿಟ್ಟುಕೊಂಡು ರಾಚಪ್ಪ ಹಿಟ್ಟಿನ ಗಿರಣಿಯ ಮುಂದೆ ಪಾಳಿಗೆ ನಿಂತಿದ್ದ. ಅವನು ಬಂದದ್ದು ತನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ವಾಪಸು ಒಯ್ಯಲು. ಸರ್ ಪೂಜೆಗೆ ಕೂತಿದ್ದರು. ಅವರ ಹೆಂಡತಿ ಬಾಗಿಲಲ್ಲೇ ಡಬ್ಬಿ ಮುಂದಿಟ್ಟು, ಹೇಗೂ ಕಾಯಬೇಕಲ್ಲ, ಅಷ್ಟರಲ್ಲಿ ಇದನ್ನೊಂದಿಷ್ಟು ಬೀಸಿಸಿಕೊಂಡು ಬರುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ್ದರು. “ಹರಕತ ನಾಹೀ” ಎಂದಿದ್ದ. ಅನ್ನಬೇಕೆಂದು ಅಂದದ್ದಲ್ಲ, ಬಾಯಿಗೆ ತಾನಾಗಿ ಬಂತು. ಸೊಲ್ಲಾಪುರದ ಸೀಮೆಯಲ್ಲಿ ಹುಟ್ಟಿದ ಕೂಸು ಮೊದಲು ಅವ್ವ ಅನ್ನುತ್ತದೆ, ಆಮೇಲೆ ಹರಕತ್ತಿಲ್ಲ ಅನ್ನುತ್ತದೆ ಎಂದು ಅವನೇ ಒಮ್ಮೆ ಗೆಳೆಯರಲ್ಲಿ ತಮಾಷೆ ಮಾಡಿದ್ದುಂಟು. ಬಸ್ಸಿನಲ್ಲಿ ಕಾಲು ತುಳಿದವನಿಗೆ ಹರಕತ್ತಿಲ್ಲ, ಸಾರಿಗೆ ಉಪ್ಪು ಮರೆತವಳಿಗೆ ಹರಕತ್ತಿಲ್ಲ. ಇರಲಿ ಬಿಡು, ನಡೆಯುತ್ತದೆ ಎನ್ನುವುದಕ್ಕೆ ಇಲ್ಲಿ ಕನ್ನಡದವರಿಗೂ ಮರಾಠಿಯವರಿಗೂ ಅದೊಂದೇ ಮಾತು. ಸರ್ಕಾರಿ ಕಾಗದದ ಮರಾಠಿಯಲ್ಲಿ ಮಾತ್ರ ಅದೇ ಹರಕತ ಎಂದರೆ ತಕರಾರು. ಹರಕತ ಆಹೇ ಎಂದರೆ ತಕರಾರಿದೆ, ಹರಕತ ನಾಹೀ ಎಂದರೆ ತಕರಾರಿಲ್ಲ, ಒಪ್ಪಿದ್ದೇನೆ ಎಂದರ್ಥ. ಗಿರಣಿಯ ಹಿಟ್ಟು ಅವನ ಒಂದೇ ಒಂದು ಟೆರಿಲಿನ್ ಅಂಗಿಯ ಮೇಲೆ ಕೂರುತ್ತಿತ್ತು. ಈ ಹೊತ್ತಿಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಯಾರೋ ಒಬ್ಬ ಸದಸ್ಯ ಎದ್ದು ನಿಂತು, ದಾಸ್ತಾನು ಮಾಡಿಟ್ಟ ಅಷ್ಟೊಂದು ಬೆಣ್ಣೆ ಏನಾಯಿತು ಎಂದು ಕೇಳುತ್ತಿರಬಹುದು ಎಂದುಕೊಂಡ. ಕೇಳಿದರೆ ಉತ್ತರ ಕೊಡಲೇಬೇಕು ಅಲ್ಲಿ. ಯುರೋಪಿನ ಒಂಬತ್ತು ದೇಶಗಳು ಕೂಡಿ ಕಟ್ಟಿಕೊಂಡ ಸರ್ಕಾರ ಅದು. ಅದರ ಕಾರಭಾರ ನೋಡುವ ಆಯೋಗವನ್ನು ಅಲ್ಲಿನ ಪಾರ್ಲಿಮೆಂಟು ಪ್ರಶ್ನೆ ಕೇಳಿ ಕೇಳಿ ಹೇಗೆ ಅಂಕೆಯಲ್ಲಿಡುತ್ತದೆ ಎಂಬುದೇ ರಾಚಪ್ಪನ ಸಂಶೋಧನೆ. ಅದಕ್ಕಾಗಿ ಅವನು ಗೋಧಿ ಹೊತ್ತಿದ್ದ.

ಸರ್ ಬಂದು ಹಿಟ್ಟಿನ ಡಬ್ಬಿಯನ್ನು ಕಂಡೂ ಕಾಣದವರಂತೆ ಹಾಳೆಗಳನ್ನು ಬಿಚ್ಚಿದರು. ತುಂಬ ಕೆಂಪು ಪೆನ್ಸಿಲ್ಲು. ಕೇಳಲಾಯಿತು, ಕೇಳಲಾಯಿತು ಎಂದು ಪುಟ ತುಂಬಿಸಿದ್ದೀಯಲ್ಲ, ಕೇಳಿದವರಿಗೆ ಹೆಸರಿಲ್ಲವೇ ಎಂದು ಮರಾಠಿಯಲ್ಲಿ ರೇಗಿದರು. ಇದೇ ಸರ್ ಹೋದ ವರ್ಷ ತುರ್ತುಪರಿಸ್ಥಿತಿ ಬಂದ ಹೊಸದರಲ್ಲಿ, ನಮ್ಮ ಜಿಲ್ಲಾ ಪರಿಷತ್ತಿನ ಸದಸ್ಯರು ಎಂಥೆಂಥ ಪ್ರಶ್ನೆ ಕೇಳುತ್ತಾರೆ ಎಂಬುದರ ಮೇಲೆ ಬರೆಯುತ್ತೇನೆಂದು ಬಂದ ಇದೇ ರಾಚಪ್ಪನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಹತ್ತಿರದ್ದು ಬೇಡ ಮಾರಾಯ, ದೂರದ್ದು ತಗೋ, ದೂರದ್ದು ಯಾರಿಗೂ ನಾಟುವುದಿಲ್ಲ ಎಂದಿದ್ದರು. ದಿಲ್ಲಿಯಲ್ಲಿ ಆ ಮಳೆಗಾಲದ ಅಧಿವೇಶನಕ್ಕೆ ಪ್ರಶ್ನೋತ್ತರದ ವೇಳೆಯನ್ನೇ ಕೈಬಿಟ್ಟಿದ್ದರು. ರಾಚಪ್ಪ ಯುರೋಪಿನ ವಿಷಯ ತೆಗೆದುಕೊಂಡ. ಒಳಗೊಳಗೆ ಅವನಿಗೆ ಹಾಯೆನಿಸಿತ್ತು. ಆ ಹಾಯೆನಿಸಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮುಂದೆ ಗ್ರಂಥಾಲಯದಲ್ಲಿ ಯುರೋಪಿನವರ ಪ್ರಶ್ನೆಗಳನ್ನು ಬರೆದುಕೊಳ್ಳುತ್ತ ಕೂತಾಗೆಲ್ಲ, ತಾನೇ ಎದ್ದು ನಿಂತು ಕೇಳಿದಷ್ಟು ಹಮ್ಮು ಬರುತ್ತಿತ್ತು. ಹಾಳೆಗಳನ್ನು ಮುಂದೆ ತಳ್ಳಿ, ಒಂದು ಗ್ಲಾಸು ನೀರನ್ನೂ ಕೊಡದೆ ಸರ್ ಎದ್ದರು. ಅವನು ಹಾಳೆಗಳನ್ನು ಕೈಚೀಲಕ್ಕೆ ತುರುಕಿಕೊಂಡು ರೂಮಿಗೆ ನಡೆದ. ಇವತ್ತು ಅವನು ತನ್ನೂರು ಕುರನೂರಿಗೆ ಹೋಗಬೇಕಿತ್ತು.

ರೂಮು ಎಂದರೆ ಚಾದರ ವ್ಯಾಪಾರಿ ಚನ್ನವೀರಪ್ಪನವರ ಅಂಗಡಿಯ ಮಾಳಿಗೆ. ಅವರು ರಾಚಪ್ಪನ ಅಣ್ಣ ಶಾಂತಪ್ಪನ ಮಾವ. ಬಾಡಿಗೆ ಕೇಳುವುದಿಲ್ಲ, ಅದರ ಬದಲು ಬಂದವರಿಗೆಲ್ಲ ಇವನನ್ನು ತೋರಿಸುತ್ತಾರೆ. ಇವತ್ತೂ ಗದ್ದುಗೆಯ ಮೇಲಿಂದಲೇ ಕೂಗಿ ಮಾತಾಡಿಸಿದರು. “ಬರ್ರಿ ಯುರೋಪದವರ. ಒಂಬತ್ತು ದೇಶದ ಝಡ್‌ಪಿ ಏನಂತೈತಿ? ಅಧ್ಯಕ್ಷನ್ನ ಇಳಿಸಿದ್ರೋ ಇಲ್ಲೋ?” ಗಿರಾಕಿಗಳು ನಕ್ಕರು. ಅಲ್ಲಿ ಒಬ್ಬನನ್ನೇ ಇಳಿಸಲು ಬರುವುದಿಲ್ಲ, ಇಳಿಸಿದರೆ ಆಯೋಗದ ಎಲ್ಲರನ್ನೂ ಒಟ್ಟಿಗೆ ಇಳಿಸಬೇಕು, ಹಾಗೆಂದೇ ಇದುವರೆಗೆ ಯಾರನ್ನೂ ಇಳಿಸಿಲ್ಲ ಎಂದು ಹೇಳಬೇಕೆನ್ನಿಸಿತು ಅವನಿಗೆ. ಹಲ್ಲು ತೋರಿಸಿ ಮಾಳಿಗೆ ಹತ್ತಿದ. ಹೋದ ತಿಂಗಳು ಇದೇ ಮೆಟ್ಟಿಲನ್ನು ಅಕ್ಕನಾಗಮ್ಮ ಗೋಡೆ ಹಿಡಿದುಕೊಂಡು ಹತ್ತಿ ಬಂದಿದ್ದಳು. ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಬಂದವಳು, ಚಾಪೆಯ ತುದಿಯಲ್ಲಿ ಕೂತು, ತಮ್ಮನ ಪುಸ್ತಕಗಳನ್ನು ಮುಟ್ಟಲೋ ಬೇಡವೋ ಎಂಬಂತೆ ನೋಡಿದಳು. ಗಂಡ ಸತ್ತ ಮೇಲೆ ತವರಿಗೆ ಬಂದು, ಅಪ್ಪನ ಹೊಲದಲ್ಲಿ ಗಂಡಸಿನ ಹಾಗೆ ದುಡಿದು ಕೈ ಒರಟಾದ ಹೆಂಗಸು. ಮರಾಠಿ ಅವಳಿಗೆ ಸಂತೆಗೆ ಸಾಕಾಗುವಷ್ಟು ಮಾತ್ರ ತಿಳಿಯುತ್ತದೆ, ಆಡಲು ಬಾಯಿ ಬರುವುದಿಲ್ಲ.

“ಇಷ್ಟೆಲ್ಲಾ ಓದಿ ಏನು ಹುಡಕಾಕತ್ತೀಯೋ ತಮ್ಮಾ?”

“ಅಲ್ಲಿ ಕಾರಭಾರ ಮಾಡವರಿಗಿ ಮಂದಿ ಹೆಂಗ ಪ್ರಶ್ನೆ ಕೇಳತಾರ ಅಂತ ನೋಡಾಕತ್ತೀನಿ ಅಕ್ಕಾ.”

“ಅಂದ್ರ ಅಲ್ಲಿ ಹೇಳವರು ಕೇಳವರು ಅದಾರ ಅನ್ನು.”

ಒಂದೂವರೆ ವರ್ಷದಿಂದ ಅವನು ಇಂಗ್ಲಿಷಿನಲ್ಲಿ ಹೇಳಲು ಒದ್ದಾಡುತ್ತಿದ್ದುದನ್ನು ಅವಳು ಅಷ್ಟರಲ್ಲೇ ಹೇಳಿಬಿಟ್ಟಿದ್ದಳು. ಅವನಿಗೆ ಖುಷಿಯಾಯಿತು, ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು.

“ಕೇಳಿದ್ರ ಸಿಟ್ಟಿಗೇಳೂದಿಲ್ಲೇನು ಅವರು?”

“ಹೆಂಗ ಏಳತಾರ? ಕೇಳೂದು ಹಕ್ಕು ಐತಿ.”

“ಹಂಗಾರ ನನ್ನದೂ ಒಂದು ಕೇಳು” ಎಂದು ಅವಳು ಸೆರಗು ಸರಿಮಾಡಿಕೊಂಡಳು. ಮಳೆಗಾಲದಲ್ಲಿ ಅಪ್ಪ ತೀರಿಕೊಂಡಿದ್ದ. ಹೊಲದ ದಫ್ತರದಲ್ಲಿ ಅವನ ಹೆಸರು ತೆಗೆದು ಗಂಡುಮಕ್ಕಳ ಹೆಸರು ಏರಿಸಬೇಕಿತ್ತು. ಅಕ್ಕ ತನ್ನ ಪಾಲು ಬಿಟ್ಟುಕೊಟ್ಟಿದ್ದಾಳೆಂದು ಊರ ಲೆಕ್ಕ ಬರೆಯುವ ತಲಾಠಿ ಬರೆದಿಟ್ಟಿದ್ದಾನೆ, ಹಾಗೆ ಬರೆಯಿಸಿದವನು ಶಾಂತಪ್ಪ. ಅದನ್ನು ಕಂದಾಯದ ಸರ್ಕಲ್ ಸಾಹೇಬ ಊರ ಚಾವಡಿಯಲ್ಲಿ ಎಲ್ಲರೆದುರು ಓದಿ, ಯಾರದಾದರೂ ತಕರಾರಿದೆಯೇ ಎಂದು ಕೇಳಿ, ಸಹಿ ಹಾಕಿದರೆ ಮುಗಿಯಿತು. “ನನಗೇನು ಎಲ್ಲಾ ಬ್ಯಾಡೋ. ಬಾವಿ ಹೊಲ ಒಂದು ಇರಲಿ. ಅಪ್ಪ ಬಾಯಿಬಿಟ್ಟು ಹೇಳ್ಯಾನ, ಬಾವಿ ಹೊಲ ನಾಗವ್ವಗ ಅಂತ. ನೀನೂ ಅಲ್ಲೇ ಅಂವನ ಕಾಲಕಡಿ ಕುಂತಿದ್ದಿ. ಸಾಹೇಬನ ಮುಂದ ಮರಾಠಿಯಾಗ ನಾ ಏನ ಹೇಳ್ಲಿ? ನೀ ಎದ್ದ ನಿಂತು ಅದೊಂದು ಮಾತು ಹೇಳು, ಸಾಕು.” ಹೇಳುತ್ತೇನೆ ಎಂದ ರಾಚಪ್ಪ. ಆ ಹೊತ್ತು ಅವನಿಗೆ ನಿಜವಾಗಿಯೂ ಎದ್ದು ನಿಲ್ಲಬೇಕೆನ್ನಿಸಿತ್ತು. ಅಪ್ಪನ ಕಾಲ ಬಳಿ ತಾನು ಕೂತಿದ್ದೂ ಹೌದು, ಅಪ್ಪ ಅಂದದ್ದೂ ಹೌದು.

ಅಕ್ಕಲಕೋಟದ ಬಸ್ಸಿನಲ್ಲಿ ಅಲ್ಲಿನ ಸ್ವಾಮಿ ಮಹಾರಾಜರ ಮಠಕ್ಕೆ ಹೊರಟ ಪುಣೆಯ ಭಕ್ತರು ತುಂಬಿಕೊಂಡಿದ್ದರು. ಒಬ್ಬ ಮುದುಕಿ ಹೂವಿನ ಪೊಟ್ಟಣವನ್ನು ಇವನ ತೊಡೆಯ ಮೇಲಿಟ್ಟು ಹಿಡಿದುಕೋ ಎಂದಳು, ಹಿಡಿದುಕೊಂಡ. ಕಿಟಕಿಯಾಚೆ ಹಿಂಗಾರಿ ಜೋಳ ತೆನೆಗೆ ಬಂದಿತ್ತು. ಇವತ್ತು ಚಾವಡಿಯಲ್ಲಿ ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ಮನಸ್ಸಿನಲ್ಲೇ ಕಟ್ಟಿದ. ಸಾಹೇಬ, ನಮ್ಮ ತಂದೆಯವರು ನನ್ನೆದುರೇ ಹೇಳಿದ್ದಾರೆ. ಚೆನ್ನಾಗಿ ಬಂತು. ಇನ್ನೊಮ್ಮೆ ಹೇಳಿಕೊಂಡ. ಮೂರನೆಯ ಸಲಕ್ಕೆ ತಾನು ಮಾತಾಡುತ್ತಿರುವಂತೆ ಕಾಣಿಸದೆ ಅಣ್ಣ ಕೇಳಿಸಿಕೊಳ್ಳುತ್ತಿರುವಂತೆ ಕಾಣಿಸಿತು. ಶಾಂತಪ್ಪ ಸಿಟ್ಟು ಮಾಡುವವನಲ್ಲ, ಅದೇ ಕಷ್ಟ. ಸಣ್ಣವನಿದ್ದಾಗ ಇವನ ಪಾಟಿ ಒಡೆದರೆ ತನ್ನದನ್ನು ಕೊಟ್ಟವನು. ಇವನ ಫೀ, ಇವನ ಚಪ್ಪಲಿ, ಇವನ ಮಾಳಿಗೆ ಎಲ್ಲ ಅವನದೇ. ಅಂಥವನನ್ನು ಎದುರು ನಿಂತು ಒಂದು ಮಾತು ಕೇಳಿದರೆ ಆ ಒಂದು ಮಾತಿಗೆ ನಿಲ್ಲುತ್ತದೆಯೇ? ಮನೆಯೇ ಎರಡಾಗುತ್ತದೆ. ಆಯೋಗವನ್ನು ಇಳಿಸಿದರೆ ಪೂರ್ತಿ ಇಳಿಸಬೇಕು ಎಂದು ಬರೆದ ಪುಟ ನೆನಪಾಗಿ, ತನ್ನ ಹೇಡಿತನಕ್ಕೂ ಅಡಿಟಿಪ್ಪಣಿ ಸಿಕ್ಕಿತಲ್ಲ ಎಂದು ಅವನಿಗೆ ಅಸಹ್ಯವಾಯಿತು.

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಶಾಂತಪ್ಪನೇ ಎದುರಿಗೆ ನಿಂತಿದ್ದ, ತಲೆಯ ಮೇಲೆ ಬಿಳಿ ಟೋಪಿ, ಕೈಯಲ್ಲಿ ತಾಂಬೂಲದ ಸಂಚಿ. ಕುರನೂರಿನ ಬಸ್ಸಿಗೆ ಹೋಗುವುದು ಬೇಡ, ಸಾಹೇಬರ ಜೀಪಿನಲ್ಲೇ ಹೋಗೋಣ ಎಂದು ಹೋಟೆಲಿಗೆ ಕರೆದುಕೊಂಡು ಹೋದ. ತಮ್ಮನಿಗೆ ಭಜಿ ಹೇಳಿ, ತಾನು ಬರೇ ಚಹಾ ತರಿಸಿದ.

“ಕಾಲೇಜ ಸಂಸ್ಥಾದ ಸೆಕ್ರೆಟರಿ ಮೊನ್ನಿ ಬಜಾರದಾಗ ಸಿಕ್ಕಿದ್ದ” ಎಂದ. “ಜೂನದಾಗ ಕಾಲೇಜಿನಾಗ ನಿನ್ನ ವಿಷಯದ್ದು ಒಂದು ಜಾಗಾ ಖಾಲಿ ಆಗತೈತಂತ. ಕಾಯಂ ಜಾಗಾ. ನಮ್ಮ ಹುಡುಗ ಅದಾನ ಅಂತ ಹೇಳೀನಿ.”

“ಇಂಟರ್‌ವ್ಯೂ ಇರತೈತಿ ಅಣ್ಣಾ.”

“ಇರತೈತಿ. ಅದಕ್ಕೂ ಮೊದಲ ಏನರ ಮುಟ್ಟಸಬೇಕಾಗತೈತಿ.” ಶಾಂತಪ್ಪ ಬಸಿಯಲ್ಲಿ ಚಹಾ ಹೊಯ್ದು ಆರಿಸಿದ. ಬೇರೆ ಯಾವುದೋ ಮಾತೆಂಬಂತೆ, “ಬಾವಿ ಹೊಲಕ್ಕ ಈಗ ಕೆನಾಲದ ನೀರು ಹತ್ಯಾವ. ಗಿರಾಕಿ ಮನೀತನಕ ಬರಾಕತ್ಯಾರ” ಎಂದ. ಎರಡು ಮಾತು ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದವು. ಏನರ ಅಂದರೆ ಏನು ಎಂದು ಕೇಳಬಹುದಿತ್ತು. ಹೊಲ ಮಾರಿ ನನಗೆ ನೌಕರಿ ಕೊಳ್ಳುತ್ತೀಯಾ ಎಂದು ಕೇಳಬಹುದಿತ್ತು. ರಾಚಪ್ಪ ಭಜಿಯ ಎಣ್ಣೆಯನ್ನು ಕಾಗದಕ್ಕೆ ಒರೆಸಿದ. ಕಾಯಂ ಎಂಬ ಶಬ್ದ ಅವನ ಹೊಟ್ಟೆಯೊಳಗೆ ಬೆಚ್ಚಗೆ ಇಳಿದು ಕೂತಿತ್ತು. ಇನ್ನು ಮೇಲೆ ಯಾರ ಗೋಧಿಯನ್ನೂ ಹೊರಬೇಕಿಲ್ಲ.

“ಆಕಿ ನಿನಗೇನರ ಅಂದಾಳೇನು?” ಶಾಂತಪ್ಪ ಕೇಳಿದ.

“ಇಲ್ಲ” ಎಂದ ರಾಚಪ್ಪ.

“ಅಂದ್ರೂ ಅನ್ಲಿ. ಆಕಿನ್ನ ನಾ ಉಪಾಸ ಕೆಡವತೀನೇನು? ನನ್ನ ಮನ್ಯಾಗ ಇರತಾಳ, ಉಣತಾಳ” ಎಂದು ಅಣ್ಣ ಎದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತನ್ನ ಹೊಲದಲ್ಲಿ ತಾನು ಬೆಳೆದುಣ್ಣುವ ಹೆಂಗಸು ನಾಳೆಯಿಂದ ಶಾಂತಪ್ಪನ ಹೆಂಡತಿಯ ಕೈ ನೋಡಿ ಉಣ್ಣುತ್ತಾಳೆ, ಅಷ್ಟೇ.

ಸರ್ಕಲ್ ಸಾಹೇಬ ವಯಸ್ಸಿನಲ್ಲಿ ಸಣ್ಣವನು, ಪೊಲಿಟಿಕ್ಸಿನಲ್ಲೇ ಬಿ.ಎ. ಮಾಡಿಕೊಂಡವನು. ಸಂಶೋಧಕರೆಂದರೆ ಅವನಿಗೆ ಗೌರವ. ಜೀಪಿನಲ್ಲಿ ತನ್ನ ಹಿಂದೆಯೇ ಕೂರಿಸಿಕೊಂಡು, ಪ್ರೊಫೆಸರ್ ಪ್ರೊಫೆಸರ್ ಎಂದು ದಾರಿಯುದ್ದಕ್ಕೂ ಮಾತಾಡಿಸಿದ. ರಾಚಪ್ಪನಿಗೆ ಬೆಳಗಿನ ಹಿಟ್ಟೆಲ್ಲ ಮೈಮೇಲಿಂದ ಉದುರಿಹೋದಂತಾಯಿತು. ಅಲ್ಲಿಯ ಸಭೆಯಲ್ಲಿ ಆರು ಭಾಷೆ ನಡೆಯುತ್ತವೆ, ಗಾಜಿನ ಗೂಡಿನಲ್ಲಿ ಕೂತ ದುಭಾಷಿಗಳು ಆಗಿಂದಾಗಲೇ ತರ್ಜುಮೆ ಮಾಡಿ ಪ್ರತಿಯೊಬ್ಬನ ಕಿವಿಗೆ ಅವನವನ ಭಾಷೆಯನ್ನೇ ಮುಟ್ಟಿಸುತ್ತಾರೆ ಎಂದು ಅವನು ವಿವರಿಸುತ್ತಿದ್ದಾಗ ಕುರನೂರಿನ ಹೊರಗಿನ ಬೇವಿನ ಗಿಡ ಬಂತು. ಬಸ್ಸು ನಿಲ್ಲುವುದು ಅಲ್ಲೇ. ಗಿಡದ ಕೆಳಗೆ ಅಕ್ಕನಾಗಮ್ಮ ಹಣೆಗೆ ಕೈ ಅಡ್ಡ ಹಿಡಿದು ಅಕ್ಕಲಕೋಟದ ದಾರಿ ನೋಡುತ್ತ ನಿಂತಿದ್ದಳು, ಇವನ ಬಸ್ಸಿಗಾಗಿ. ಕಂಕುಳಲ್ಲಿ ಬುತ್ತಿಯ ಗಂಟು. ಜೀಪು ಬಂದದ್ದಕ್ಕೆ ಸೆರಗು ಮುಂದೆ ಎಳೆದುಕೊಂಡು ಬದಿಗೆ ಸರಿದಳು. ನಿಲ್ಲಿಸಿ ಎನ್ನಲು ಅವನು ಬಾಯಿ ತೆರೆದ. ಸಾಹೇಬ ಏನೋ ಕೇಳಿದ್ದ, ಬಾಯಿಂದ ಅದರ ಉತ್ತರ ಬಂತು. ಹಿಂದಿನ ಧೂಳಿನಲ್ಲಿ ಅವಳು ಸರಸರ ನಡೆದು ಬರುತ್ತಿರುವುದು ಮಾತ್ರ ಕಂಡಿತು.

ಚಾವಡಿಯಲ್ಲಿ ಇದ್ದುದು ಎರಡು ಕುರ್ಚಿ. ಒಂದು ಸಾಹೇಬನಿಗೆ, ಇನ್ನೊಂದನ್ನು ತಲಾಠಿ ತಾನೇ ಒರೆಸಿ ಪ್ರೊಫೆಸರಿಗೆ ಕೊಟ್ಟ. ಊರ ಹಿರಿಯರು ಜಮಖಾನೆಯ ಮೇಲೆ, ಶಾಂತಪ್ಪ ಅವರ ನಡುವೆ. ಅಕ್ಕನಾಗಮ್ಮ ಏದುಸಿರು ಬಿಡುತ್ತ ಬಂದು ಹೊಸ್ತಿಲ ಹತ್ತಿರ ನೆಲಕ್ಕೆ ಕೂತಳು. ತಮ್ಮ ಕುರ್ಚಿಯ ಮೇಲಿರುವುದನ್ನು ಕಂಡು ಅವಳ ಮುಖ ಅರಳಿತು. ನಮ್ಮವನು ಸಾಹೇಬನ ಸಮಸಮ ಕೂತಿದ್ದಾನೆ ಎಂಬ ಆ ಅಭಿಮಾನವನ್ನು ನೋಡಲಾರದೆ ಅವನು ಸೂರಿನ ಕಡೆ ನೋಡಿದ. ತಲಾಠಿ ಮಂತ್ರ ಹೇಳುವವನಂತೆ ಮರಾಠಿಯಲ್ಲಿ ಓದತೊಡಗಿದ. ಮೃತರ ಹೆಸರು, ವಾರಸುದಾರರ ಹೆಸರು, ಹೊಲದ ಗಟ ನಂಬರು. ಅದೇ ಹೊತ್ತಿಗೆ ಚಾವಡಿಯ ಆಳು ಕೋತವಾಲ ತಾಟಿನಲ್ಲಿ ಚಹಾ ಹಿಡಿದು ಬಂದ. ಸಾಹೇಬನಿಗೆ ಕೊಟ್ಟ, ರಾಚಪ್ಪನಿಗೆ ಕೊಟ್ಟ, ಜಮಖಾನೆಯ ಮೇಲೆ ಒಬ್ಬೊಬ್ಬರಿಗೂ ಕೊಟ್ಟು ಹೊಸ್ತಿಲಿಗೆ ಬರುವಷ್ಟರಲ್ಲಿ ತಾಟು ಬರಿದಾಗಿತ್ತು. ಅವನು ಅಕ್ಕನಾಗಮ್ಮನ ಮುಂದೆ ಖಾಲಿ ತಾಟು ಹಿಡಿದು ಪೆಚ್ಚಾಗಿ ನಿಂತ. ಓದು ಮುಗಿದಿತ್ತು. ಸಾಹೇಬ ತಲೆಯೆತ್ತಿ, ಹೊಸ್ತಿಲ ಕಡೆ ನೋಡಿ, “ಬಾಯೀಂಚೀ ಕಾಹೀ ಹರಕತ?” ಎಂದ, ಈ ಹೆಣ್ಣುಮಗಳದೇನಾದರೂ ಹರಕತ ಇದೆಯೇ ಎಂದು.

ಅಷ್ಟು ದೊಡ್ಡ ಮನುಷ್ಯ ತನಗೆ ಚಹಾ ಸಿಗಲಿಲ್ಲವೆಂದು ಕೇಳುತ್ತಿದ್ದಾನೆಂದು ಅವಳು ನಾಚಿ ನೀರಾದಳು. ಎರಡೂ ಕೈ ಅಲ್ಲಾಡಿಸಿ, “ಹರಕತ್ತಿಲ್ರಿ ಸಾಹೇಬ್ರ, ಹರಕತ್ತಿಲ್ರಿ” ಎಂದಳು.

ಸಾಹೇಬನಿಗೆ ಕನ್ನಡ ಬಾರದು. ಬರಬೇಕಾಗಿಯೂ ಇರಲಿಲ್ಲ, ಅರ್ಧ ಮಾತು ಅವನದೇ ಆಗಿತ್ತು. ಅವನು ಪೆನ್ನಿನ ಟೊಪ್ಪಿಗೆ ಬಿಚ್ಚಿದ. ಚಾವಡಿಯಲ್ಲಿ ಯಾರಿಗೂ ಏನೂ ಆದಂತಿರಲಿಲ್ಲ. ಶಾಂತಪ್ಪ ಮಾತ್ರ ತಮ್ಮನನ್ನು ನೋಡಿದ, ತಮ್ಮ ಅಣ್ಣನನ್ನು ನೋಡಿದ. ಏನು ನಡೆಯಿತೆಂದು ಇಬ್ಬರಿಗೂ ಗೊತ್ತಾಗಿರುವುದು ಇಬ್ಬರಿಗೂ ಗೊತ್ತಾಯಿತು. ಈಗ ಏಳಬೇಕು. ಸಾಹೇಬ, ಅವಳು ಹೇಳಿದ್ದು ಚಹಾದ ಮಾತು. ಇಷ್ಟೇ. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ವಾಕ್ಯವೂ ಬೇಕಿರಲಿಲ್ಲ. ತರ್ಜುಮೆ ತಪ್ಪಾದರೆ ಸದಸ್ಯ ಕೈಯೆತ್ತಿದರೆ ಸಾಕು, ಸಭೆ ನಿಲ್ಲುತ್ತದೆ ಎಂದು ಬರೆದವನು ತಾನೇ. ಕೈಯಲ್ಲಿ ಕಪ್ಪಿತ್ತು. ಕಪ್ಪನ್ನು ಎಲ್ಲಿಡುವುದೆಂದು ಹುಡುಕಿದ, ಕಿಟಕಿಯ ಕಟ್ಟೆ ದೂರವಿತ್ತು. ಅಷ್ಟರಲ್ಲಿ ಸಾಹೇಬ ಬರೆಯುತ್ತಲೇ, ಹಾಂ ಪ್ರೊಫೆಸರ್, ಆಯೋಗದವರು ಉತ್ತರವನ್ನೇ ಕೊಡದಿದ್ದರೆ ಆ ಸದಸ್ಯರು ಏನು ಮಾಡುತ್ತಾರೆ ಎಂದು ಕೇಳಿದ. ರಾಚಪ್ಪ ಉತ್ತರ ಕೊಟ್ಟ. ಅಚ್ಚುಕಟ್ಟಾದ ಮರಾಠಿಯಲ್ಲಿ, ಮೊದಲನೆಯದಾಗಿ, ಎರಡನೆಯದಾಗಿ ಎಂದು ಬಿಡಿಸಿ ಹೇಳಿದ. ಅಷ್ಟು ಚೆನ್ನಾಗಿ ಅವನು ಎಂದೂ ಹೇಳಿರಲಿಲ್ಲ. ಹಿರಿಯರು ತಲೆದೂಗಿದರು. ಹೊಸ್ತಿಲ ಬಳಿ ಅಕ್ಕನಾಗಮ್ಮನೂ ತಲೆದೂಗಿದಳು, ತಮ್ಮ ತನ್ನ ಮಾತನ್ನೇ ಹೇಳುತ್ತಿದ್ದಾನೆಂದು. ಅವನು ಮುಗಿಸುವ ಹೊತ್ತಿಗೆ ಠಸ್ಸೆ ಬಿದ್ದಿತ್ತು. ಮೇಲಿನ ಕಚೇರಿಗೆ ಅಪೀಲು ಹೋಗಲು ಬರುತ್ತದೆ, ನಾಳೆ ನೋಡಿದರಾಯಿತು ಎಂದು ಅವನು ತನಗೆ ತಾನೇ ಹೇಳಿಕೊಂಡ. ನಾಳೆಯೂ ನೋಡುವುದಿಲ್ಲ ಎಂಬುದು ಹೇಳುವಾಗಲೇ ಗೊತ್ತಿತ್ತು. ಜೀಪಿನ ತನಕ ಸಾಹೇಬನನ್ನು ಕಳಿಸಿ ಬಂದ ಶಾಂತಪ್ಪ ತಮ್ಮನ ಬೆನ್ನ ಮೇಲೆ ಕೈಯಿಟ್ಟು, “ಶಾಣ್ಯಾ ಅದಿ” ಎಂದ. ಜಾಣ ಎಂದಷ್ಟೇ ಅಂದದ್ದು, ಆದರೆ ಯಾರೂ ಅವನಿಗೆ ಅಷ್ಟು ಕೆಟ್ಟ ಬೈಗುಳ ಬೈದಿರಲಿಲ್ಲ.

ಊಟಕ್ಕೆ ನಿಲ್ಲಲಾರೆ, ಸಂಜೆ ಲೈಬ್ರರಿಗೆ ಹೋಗಬೇಕು ಎಂದು ಸುಳ್ಳು ಹೇಳಿ ಅವನು ಬೇವಿನ ಗಿಡದತ್ತ ನಡೆದ. ಅಕ್ಕ ಗಂಟು ಹಿಡಿದುಕೊಂಡು ಜೊತೆಗೆ ಬಂದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು.

“ಸಾಹೇಬ ಮತ್ತ ಯಾವಾಗ ಬರ್ತಾನಂತ?” ಎಂದಳು.

“ಯಾಕ?”

“ನೀ ನನ್ನ ಮಾತು ಹೇಳಿದಿ ಖರೆ, ನನ್ನ ಪಾಳಿ ಬರಲೇ ಇಲ್ಲಲ್ಲೋ. ನನಗ ಕೇಳೇ ಇಲ್ಲ.”

ಅವನು ರಸ್ತೆ ನೋಡಿದ. ಬಸ್ಸಿನ ಸುಳಿವಿರಲಿಲ್ಲ. “ಕೇಳಿದ್ರು ಅಕ್ಕಾ. ನೀ ಹರಕತ್ತಿಲ್ಲ ಅಂದಿ.”

“ಅದು ಚಹಾದ ಮಾತಲ್ಲೇನು?”

“ಹೊಲದ ಮಾತು.”

ಅವಳು ನಿಂತುಬಿಟ್ಟಳು. ಚಾವಡಿಯನ್ನು, ತಾಟನ್ನು, ಕುರ್ಚಿಯನ್ನು ಮತ್ತೆ ಒಂದೊಂದಾಗಿ 	ನೆನೆಸಿಕೊಳ್ಳುತ್ತಿರುವುದು ಅವಳ ಮುಖದ ಮೇಲೆ ಕಾಣುತ್ತಿತ್ತು. ಜಗಳದ ದನಿಯಲ್ಲಲ್ಲ, ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದಳು. “ನೀ ಎದರಿಗೇ ಕುಂತಿದ್ದಿ. ನಿನಗೂ ಅದು ಹೊಲದ ಮಾತಂತ ತಿಳೀಲಿಲ್ಲೇನು?”

ಇನ್ನೂ ಹೇಳಬಹುದಿತ್ತು. ತಿಳಿಯಿತು ಅಕ್ಕಾ, ತಿಳಿದೇ ಸುಮ್ಮನಿದ್ದೆ, ಬೈಯಿ ಎನ್ನಬಹುದಿತ್ತು. ದೂರದಲ್ಲಿ ಧೂಳೆದ್ದಿತು. “ನನಗ ಸರಿ ಕೇಳಿಸಲಿಲ್ಲ” ಎಂದ. “ಸಾಹೇಬ ನನ್ನ ಕೂಡ ಮಾತಾಡಾಕತ್ತಿದ್ದ.”

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದ. ಪ್ರತಿ ಸಲ ಅವಳು ಕಿಟಕಿಯಿಂದ ಬುತ್ತಿ ಒಳಗಿಡುತ್ತಿದ್ದಳು; ಈ ಸಲ ಗಂಟು ಅವಳ ಕಂಕುಳಲ್ಲೇ ಇತ್ತು. ಏನಾದರೂ ಆಡಿ ಹೊರಡಬೇಕಲ್ಲ ಎಂದು ಅವನು ತಲೆ ಹೊರಗೆ ಹಾಕಿ, ಮಾತು ಬಾಯಿಂದ ಬಿದ್ದ ಮೇಲಷ್ಟೇ ತನಗೆ ಕೇಳಿಸಿದಂತೆ, “ಉಣಲಾರದ ಹೊಂಟೀನಿ ಅಕ್ಕಾ. ಮುಂದಿನ ಸಲ ಬರ್ತೀನಿ. ಹರಕತ್ತಿಲ್ಲಲ್ಲ?” ಎಂದ.

ಅಕ್ಕನಾಗಮ್ಮ ಕಿಟಕಿಯ ಹತ್ತಿರ ಬಂದಳು. ಎಂದೂ ಮರಾಠಿ ಆಡದವಳು ಒಂದೊಂದೇ ಅಕ್ಷರವನ್ನು ಬಿಡಿಸಿ, ಬಸ್ಸಿನ ಸದ್ದಿನ ಮೇಲೆ ಗಟ್ಟಿಯಾಗಿ, “ಹರಕತ ಆಹೇ” ಎಂದಳು. ಆಮೇಲೆ ಕನ್ನಡದಲ್ಲಿ, “ಈಗರ ಕೇಳಿಸ್ತೇನು?”

ಬಸ್ಸಿನವರಿಗೆಲ್ಲ ಕೇಳಿಸಿತ್ತು. ಮುಂದಿನ ಸೀಟಿನವನು ತಿರುಗಿ ರಾಚಪ್ಪನ ಮುಖ ನೋಡಿದ. ಕಂಡಕ್ಟರ್ ಗಂಟೆ ಬಾರಿಸಿದ.